ತಂಪು ಮೈಯ ಅತ್ತಿಗೆ

ನಮ್ಮೂರಲ್ಲಿ ಮೈಯೊಳಗಿನ ಕಾವಲಿನವರ ಸದ್ದು ಹೊರಗೆ ಕೇಳುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗಕ್ಕೆ ನಾಲ್ಕಾರು ಜನ ಓಡಿಬಂದ ಹಾಗೆ ದಡದಡ ಶಬ್ದವಾಗುತ್ತದೆ. ನೆಗಡಿಯಾದವರ ಮೂಗಿನ ಹತ್ತಿರ ಸಂತೆ ನೆರೆದಿರುತ್ತದೆ. ಯಾರ ಮನೆಯಲ್ಲಿ ಜ್ವರ ಅಂತ ವಿಚಾರಿಸಬೇಕಾಗಿಲ್ಲ, ಬೀದಿಯ ತುದಿಗೇ ಗೊತ್ತಾಗುತ್ತದೆ. ಮಕ್ಕಳಿಗೆ ಚುಚ್ಚುಮದ್ದು ಹಾಕಿದ ಮಾರನೇ ದಿನ ಶಾಲೆಗೆ ರಜೆ, ಏಕೆಂದರೆ ಮೇಷ್ಟ್ರ ಪಾಠ ಯಾರಿಗೂ ಕೇಳುವುದಿಲ್ಲ. ಸಿನಿಮಾ ಟಾಕೀಸಿನಲ್ಲಿ ಗಾಯವಾದವರಿಗೆ, ಕೆಮ್ಮು ಇರುವವರಿಗೆ ಹಿಂದಿನ ಸಾಲು, ಟಿಕೆಟ್ಟೂ ಅರ್ಧ. ಪರವೂರಿನಿಂದ ಬಂದವರು ಮೊದಮೊದಲು ಕಿವಿ ಮುಚ್ಚಿಕೊಂಡು ಓಡಾಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವರ ಮೈಯೂ ಬಾಯಿ ಬಿಡುವುದನ್ನು ಕಲಿತುಕೊಳ್ಳುತ್ತದೆ.

ಇಂಥ ಊರಿನಲ್ಲಿ ನನ್ನದು ತೀರಾ ಗಲಾಟೆಯ ಮೈ. ಜಾಜಿ ಹೂವು, ಕಡಲೆಕಾಯಿ ಸಿಪ್ಪೆ, ಸೀಮೆಸುಣ್ಣದ ಪುಡಿ, ಬೆಕ್ಕಿನ ಕೂದಲು, ಏನು ತಾಕಿದರೂ ಸಾಕು. ಮೂಗು, ಗಂಟಲು, ತೋಳು ಎಲ್ಲ ಸೇರಿ 'ಹಿಡೀರಿ, ಬಡೀರಿ' ಅಂತ ಎದ್ದುಬಿಡುತ್ತವೆ. ಹಿಡಿಯುವುದಕ್ಕೆ ಅಲ್ಲಿ ಕಳ್ಳನೇ ಇರುವುದಿಲ್ಲ. ಬೋರ್ಡು ಒರೆಸಿದ ಕೂಡಲೇ ಮೇಷ್ಟ್ರು, "ವಾರಿಜಾ, ನೀನು ಸ್ವಲ್ಪ ಹೊರಗಿರಮ್ಮ" ಅನ್ನುತ್ತಿದ್ದರು. ಹೀಗೆ ಹೊರಗಿದ್ದೂ ಇದ್ದೂ ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ನನಗೆ ಮಾತೇ ನಿಂತುಹೋಗಿತ್ತು. ಮೈಯೇ ಇಷ್ಟು ಮಾತಾಡುವಾಗ ಬಾಯಿ ಬೇರೆ ಯಾಕೆ ಅನ್ನಿಸುತ್ತಿತ್ತು. ಹೇಳಬೇಕಾದ್ದನ್ನೆಲ್ಲ ದಿನಚರಿಯಲ್ಲಿ ಬರೆದು ಸುಮ್ಮನಾಗುತ್ತಿದ್ದೆ.

ಮಾದೇವಿ ಅತ್ತಿಗೆ ನಮ್ಮ ಮನೆಗೆ ಬಂದದ್ದು ಅವಳ ಮೈಯ ಮೌನದಿಂದ. ನಮ್ಮ ಕಡೆ ಹೆಣ್ಣು ನೋಡುವುದು ಅಂದರೆ ಹೆಣ್ಣು ಕೇಳುವುದು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಅನುಭವವುಳ್ಳ ಒಬ್ಬ ಮುತ್ತೈದೆ ಅವಳ ಬೆನ್ನಿಗೆ ಕಿವಿ ಹಚ್ಚುತ್ತಾಳೆ. ಊರಿನ ಅರ್ಧಕ್ಕರ್ಧ ಸೊಸೆಯಂದಿರನ್ನು ಹಾಗೆ ಕೇಳಿ ಒಪ್ಪಿದ್ದು ನಮ್ಮ ಪಕ್ಕದ ಮನೆಯ ನಿಂಗಾಜಮ್ಮನೋರು. ಅವರು ಊರಾಚೆಯ ತಗ್ಗಿನಲ್ಲಿ ವೀಳ್ಯದೆಲೆ ತೋಟದ ಕೂಲಿ ಮಾಡುತ್ತಿದ್ದವರ ಮನೆಗೆ ಅವ್ವನ ಜೊತೆ ಹೋಗಿ, ಮಾದೇವಿಯ ಬೆನ್ನಿಗೆ ಕಿವಿ ಇಟ್ಟು, ತುಂಬ ಹೊತ್ತು ಹಾಗೇ ಕೂತಿದ್ದು, ಕೊನೆಗೆ ಕಣ್ಣು ತೆರೆದು ಹೇಳಿದರಂತೆ: "ಏನೂ ಇಲ್ಲ ಕಣವ್ವ. ಬಾವಿ ತಳ ಇದ್ದಂಗಿದೆ. ಇಂಥ ತಂಪು ಮೈ ನಾನು ಕೇಳೇ ಇಲ್ಲ." ಅವ್ವ ಒಡವೆ ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ. ಮುಂದಿನ ಮುಹೂರ್ತಕ್ಕೆ ನಮ್ಮ ಲಿಂಗರಾಜಣ್ಣನ ಮದುವೆ ಆಯಿತು.

ಮದುವೆಯ ಮಧ್ಯಾಹ್ನ ಅತ್ತಿಗೆ ಜಡೆ ತುಂಬ ಜಾಜಿ ಮುಡಿದು ಹೊಸ್ತಿಲು ದಾಟಿದಳು. ನನ್ನ ಮೈ ಅಲ್ಲೇ ಬೊಬ್ಬೆ ಹಾಕಿತು. ನೆಂಟರೆಲ್ಲ ತಿರುಗಿ ನೋಡಿದ್ದಕ್ಕೆ ಹಿತ್ತಿಲಿಗೆ ಓಡಿಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಯಾರೋ ಬಂದು ಪಕ್ಕದಲ್ಲಿ ಕೂತರು. ಹೊಸ ಮದುವಣಗಿತ್ತಿ!

"ಯಾಕೆ ಓಡಿಬಂದೆ? ನಿನ್ನ ಮೈಗೆ ನನ್ನ ಕಂಡ್ರೆ ಆಗಲ್ವಾ?"

"ಹೂವು..." ಅಂದೆ. ಅಷ್ಟೇ ಹೊರಟಿದ್ದು.

"ಅಷ್ಟೇನಾ! ಹೊಸ್ತಿಲಲ್ಲೇ ನಾದಿನಿ ಜಗಳ ತೆಗೆದಳಲ್ಲಪ್ಪಾ ಅಂತ ನನಗೆ ಎದೆ ಹೊಡ್ಕೊಂಡಿತ್ತು" ಅಂತ ನಕ್ಕು, ಜಡೆಯಿಂದ ಹೂವನ್ನೆಲ್ಲ ಬಿಚ್ಚಿ ಬೇಲಿಯಾಚೆ ಎಸೆದಳು. ಆವತ್ತಿನಿಂದ ಅವಳು ಮುಡಿದಿದ್ದು ವಾಸನೆಯಿಲ್ಲದ ಕನಕಾಂಬರ ಮಾತ್ರ. ಯಾರು ಕೇಳಿದರೂ "ನಂಗೆ ಬಣ್ಣ ಇಷ್ಟ" ಅನ್ನುತ್ತಿದ್ದಳೇ ಹೊರತು ನನ್ನ ಹೆಸರು ಹೇಳಲಿಲ್ಲ.

ಅಣ್ಣನಿಗೂ ಊರಾಚೆ ಒಂದು ತುಂಡು ಎಲೆತೋಟವಿತ್ತು. ಅತ್ತಿಗೆ ಬೆಳಿಗ್ಗೆ ಅಲ್ಲಿ ಬಳ್ಳಿ ಕಟ್ಟಿ, ನೀರು ಬಿಟ್ಟು, ಎಲೆ ಕೊಯ್ದು ತರುತ್ತಿದ್ದಳು. ಮಧ್ಯಾಹ್ನ ಪಡಸಾಲೆಯಲ್ಲಿ ಎಲೆಗಳನ್ನು ಒರೆಸಿ ಕಟ್ಟು ಕಟ್ಟುವಾಗ ನನ್ನನ್ನೂ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. "ಒಂದು ಕಟ್ಟಿಗೆ ಒಂದು ಮಾತು ಆಡಬೇಕು. ಇಲ್ದಿದ್ರೆ ನಿನ್ನ ಕಟ್ಟು ನಾನು ಬಿಚ್ಚಿಬಿಡ್ತೀನಿ" ಅಂತ ಹೆದರಿಸುತ್ತಿದ್ದಳು. ನಾನು ಕಾಲೇಜಿನಲ್ಲಿ ಓದಿದ್ದನ್ನು ಹೇಳಿದೆ. ರಕ್ತದೊಳಗೆ ಬಿಳಿ ಕಣಗಳಿವೆ, ಅವೇ ನಮ್ಮ ಕಾವಲಿನವರು, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಅಂತ. ಅವಳು ಎಲೆ ಒರೆಸುತ್ತಾ, "ಹಂಗಾದ್ರೆ ನಿನ್ನ ಕಾವಲಿನವರು ಮಹಾ ಕಾಳಜಿಯವರು ಬಿಡು. ನೆಂಟರು ಬಂದ್ರೂ ದೊಣ್ಣೆ ತಗೋತಾರೆ" ಅಂದಳು. ನನ್ನ ಮೈಯ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಆಡಿದ್ದು ಅದೇ ಮೊದಲು.

ವರ್ಷ ತುಂಬುವುದರೊಳಗೆ ನಮ್ಮ ಮನೆ ಊರಿಗೆಲ್ಲ ಬೇಕಾದ ಮನೆಯಾಯಿತು. ಜ್ವರದ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ತಾಯಂದಿರು ಬರುತ್ತಿದ್ದರು. ಅತ್ತಿಗೆಯ ಮಡಿಲಲ್ಲಿ ಮಲಗಿಸಿದರೆ ಮಗುವಿನ ಮೈಯ ಗಲಾಟೆ ಒಂದು ಗಳಿಗೆ ಇಳಿಯುತ್ತಿತ್ತು, ಮಗು ನಿದ್ದೆ ಹೋಗುತ್ತಿತ್ತು. ಅವ್ವ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು, "ನಮ್ಮ ಮಾದೇವಿ ಬಂದ ಮೇಲೆ ಮನೆಯೇ ತಣ್ಣಗಾಯ್ತು" ಅನ್ನುತ್ತಿದ್ದಳು. ನಾನೂ ಉಬ್ಬಸ ಎದ್ದಾಗ ಅತ್ತಿಗೆಯ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಬಾವಿಕಟ್ಟೆಗೆ ಒರಗಿದ ಹಾಗಿರುತ್ತಿತ್ತು.

ಅತ್ತಿಗೆ ಬಸುರಿಯಾದಳು. ನಾಲ್ಕು ತುಂಬುತ್ತಿದ್ದಂತೆ ಆಸ್ಪತ್ರೆಯಲ್ಲಿ ಧನುರ್ವಾಯು ಆಗದಂತೆ ಚುಚ್ಚುಮದ್ದು ಹಾಕಿಸಲು ನಾನೇ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಸಾಲಾಗಿ ಕೂತ ಬಸುರಿಯರ ತೋಳುಗಳಿಂದ ರೇಷನ್ ಅಂಗಡಿಯ ಮುಂದಿನ ಜಗಳದಂಥ ಸದ್ದು ಏಳುತ್ತಿತ್ತು. ಅತ್ತಿಗೆಯ ತೋಳಲ್ಲಿ ಯಾರೋ ಒಬ್ಬರು ನಿದ್ದೆಗಣ್ಣಿನಲ್ಲಿ ಏನೋ ಗೊಣಗಿ ಮಗ್ಗುಲು ಬದಲಿಸಿದ ಹಾಗಾಯಿತು, ಅಷ್ಟೇ. ಮಾರನೇ ದಿನವೂ ಅಷ್ಟೇ. ಹೆಂಗಸರೆಲ್ಲ ಅವಳ ಕೆನ್ನೆ ಮುಟ್ಟಿ ನೆಟಿಕೆ ಮುರಿದರು. ನನಗೆ ಮಾತ್ರ ಖುಷಿಯಾಗಲಿಲ್ಲ. ಆ ಗಲಾಟೆ ಅಂದರೆ ಮೈ ಪಾಠ ಕಲಿಯುವ ಸದ್ದು. ಪಾಠ ಹೇಳುವಾಗ ತಲೆಯನ್ನೇ ಎತ್ತದ ಮಗುವನ್ನು ಜಾಣ ಅಂತ ಹೊಗಳುತ್ತಿದ್ದಾರಲ್ಲ ಅನ್ನಿಸಿತು.

ಆಮೇಲೆ ಒಂದೊಂದಾಗಿ ಕಣ್ಣಿಗೆ ಬಿದ್ದವು. ಅತ್ತಿಗೆ ಸೆರಗಿನ ಮರೆಯಲ್ಲಿ ಬಳಪ ಕಡಿಯುತ್ತಿದ್ದಳು. ಬಿಂದಿಗೆ ಇಳಿಸಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅವಳ ಉಗುರು ಬಿಸಿಲು ಕಾಣದೆ ಬೆಳೆದ ಎಲೆಯ ಹಾಗೆ ಬಿಳಚಿಕೊಂಡಿತ್ತು. "ಬಸುರಿ ಬಯಕೆ" ಅಂದಳು ಅವ್ವ. ಒಂದು ಮಧ್ಯಾಹ್ನ ಅತ್ತಿಗೆ ಚಾಪೆಯ ಮೇಲೆ ಒರಗಿದ್ದಾಗ, "ಹೊಟ್ಟೆ ಕೇಳಲಾ?" ಅಂದೆ.

"ಪಾಪು ಈಗಲೇ ಏನು ಮಾತಾಡುತ್ತೆ? ಅದು ಕೇಳಿಸಬೇಕಾದ್ರೆ ನಿನ್ನ ಹಾಗೆ ಓದಿರಬೇಕು ಅಷ್ಟೇ" ಅಂದಳು.

ಬೆನ್ನಿಗಲ್ಲ, ಹೊಕ್ಕುಳಿನ ಮೇಲಕ್ಕೆ ಕಿವಿ ಇಟ್ಟೆ. ಮೊದಲು ಏನೂ ಇಲ್ಲ. ಆದರೆ ನನ್ನ ಕಿವಿ ಗದ್ದಲದಲ್ಲೇ ಬೆಳೆದದ್ದು, ಒಂದು ಸದ್ದಿನ ಕೆಳಗೆ ಇನ್ನೇನಿದೆ ಅಂತ ಹುಡುಕುವುದು ಅದಕ್ಕೆ ರೂಢಿ. ನಿಧಾನಕ್ಕೆ ಕೇಳಿಸಿತು. ಅದು ಮೌನವಲ್ಲ. ಸಾವಿರಾರು ಜನ ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಿದ್ದರು. 'ಶ್... ಬೇಡ... ಕೂತ್ಕೋ... ಆಗಲಿ ಬಿಡು...' ಮದುವೆ ಮನೆಯಲ್ಲಿ ಹೊಡೆದಾಟ ಆಗದಿರಲಿ ಅಂತ ಹಿರಿಯರು ಹುಡುಗರ ಹೆಗಲು ಅದುಮಿ ಕೂರಿಸುತ್ತಾರಲ್ಲ, ಹಾಗೆ. ಅದರ ಇನ್ನೂ ಕೆಳಗೆ, ತಳದಲ್ಲಿ ಉಳಿದ ಮಜ್ಜಿಗೆಯನ್ನು ಯಾರೋ ಸೊರ್ರನೆ ಹೀರುತ್ತಿದ್ದ ಸದ್ದು. ಒಂದು ಬಾಯಲ್ಲ, ಬಹಳ ಬಾಯಿಗಳು.

ನಾನು ತಲೆ ಎತ್ತಿದಾಗ ನನ್ನ ಮುಖ ನೋಡಿ ಅತ್ತಿಗೆ ನಗು ನಿಲ್ಲಿಸಿದಳು.

ಆಸ್ಪತ್ರೆಯ ಡಾಕ್ಟರ್ ಫರೀದಾ ಅವರ ಹತ್ತಿರ ಮಾತಾಡಲು ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ಬೆವತೆನೋ ನನಗೇ ಗೊತ್ತಿಲ್ಲ. ಕೊನೆಗೆ ಅವರೇ, "ಏನಮ್ಮ, ಕಂಬ ಬೀಳದ ಹಾಗೆ ಹಿಡ್ಕೊಂಡಿದೀಯಾ?" ಅಂದರು. ಮಾರನೇ ದಿನ ಅತ್ತಿಗೆಯನ್ನೂ ಕರೆದುಕೊಂಡು ಹೋದೆ, ಹಳೇ ಕಾಡಿಗೆ ಡಬ್ಬಿಯಲ್ಲಿ ಅವರು ಪರೀಕ್ಷೆಗೆ ಕೇಳಿದ್ದ ಮಲವನ್ನೂ ಒಯ್ದೆ. ದಾರಿಯುದ್ದಕ್ಕೂ ಅತ್ತಿಗೆ, "ಯಾರಾದ್ರೂ ಕಾಡಿಗೆ ಕೇಳಿಬಿಟ್ರೆ ಏನೇ ಮಾಡ್ತೀಯ?" ಅಂತ ನಗಿಸಿದಳು. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ತೆಳ್ಳಗಿನ ಗಾಜಿನ ಮಣಿಗಳಂತೆ ಮೊಟ್ಟೆಗಳು.

"ಕೊಕ್ಕೆಹುಳ. ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯೋದು. ಇವತ್ತು ನಿನ್ನೆಯದಲ್ಲ, ಮಗು ಆಗಿದ್ದಾಗಿನಿಂದ ಇದ್ದಿರಬೇಕು. ತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗ್ತೀಯಾ?"

ಅತ್ತಿಗೆ ಗಾಬರಿಯಿಂದ, "ಎಲೆತೋಟಕ್ಕಾ? ಚಪ್ಪಲೀನಾ? ಬಳ್ಳಿ ಒಣಗಿಹೋಗಲ್ವಾ ಮೇಡಂ?" ಅಂದಳು. ನಮ್ಮಲ್ಲಿ ಎಲೆಬಳ್ಳಿಯನ್ನು ದೇವರ ಹಾಗೆ ನೋಡುತ್ತಾರೆ, ಬರಿಗಾಲಿನಲ್ಲಲ್ಲದೆ ಒಳಗೆ ಕಾಲಿಡುವುದಿಲ್ಲ. ಬಯಲಿಗೆ ಹೋದವರಿಂದ ಬಿದ್ದ ಮೊಟ್ಟೆ ಆ ಒದ್ದೆ ಮಣ್ಣಿನಲ್ಲೇ ಒಡೆದು, ಮರಿಹುಳಗಳು ಅಂಗಾಲಿನಿಂದಲೇ ಒಳಗೆ ಹೋಗುತ್ತವೆ ಅಂತ ಡಾಕ್ಟರು ಹೇಳಿದರು. ರಕ್ತ ಇರಬೇಕಾದ್ದರ ಅರ್ಧವೇ ಇತ್ತು.

"ಹಾಗಾದ್ರೆ ಕಾವಲಿನವರು ಯಾಕೆ ಕೂಗಲಿಲ್ಲ?" ಅಂತ ಕೇಳಿದೆ. ನಾನೇ ಕೇಳಿದೆ.

"ಮೊದಮೊದಲು ಕೂಗಿರ್ತಾರೆ. ಆಗ ಇವಳು ಚಿಕ್ಕವಳು, ಯಾರೂ ಕಿವಿಗೊಟ್ಟಿರಲ್ಲ. ಹುಳ ಅವರಿಗಿಂತ ಎಷ್ಟೋ ದೊಡ್ಡದು, ಓಡಿಸಿದಷ್ಟೂ ಹೊಸದು ಬರ್ತಾ ಇರುತ್ತೆ. ದಿನಾ ಹೊಡೆದಾಡಿದ್ರೆ ಹರಿಯೋದು ಕರುಳೇ. ಅದಕ್ಕೆ ಅವರೊಳಗೇ ಸಮಾಧಾನ ಮಾಡೋರು ಹೆಚ್ಚಾಗ್ತಾರೆ. ಹೊಡೆಯೋರ ಕೈ ಹಿಡೀತಾರೆ, ಹರಿದ ಕಡೆ ತೇಪೆ ಹಾಕ್ತಾರೆ. ಹುಳಗಳೂ ಕಿವಿಯಲ್ಲಿ ಅದನ್ನೇ ಊದ್ತಾ ಇರ್ತವೆ, ಸುಮ್ಮನಿರಿ, ಸುಮ್ಮನಿರಿ ಅಂತ. ಆಮೇಲೆ ಚುಚ್ಚುಮದ್ದು ಹಾಕಿದ್ರೂ ಇವರು ಏಳಲ್ಲ." ಡಾಕ್ಟರು ಪೆನ್ನು ಮುಚ್ಚಿದರು. "ಮೂರು ತಿಂಗಳು ದಾಟಿದೆ, ಹುಳದ ಮಾತ್ರೆ ಕೊಡಬಹುದು. ಕಬ್ಬಿಣದ ಮಾತ್ರೆಯೂ ಬೇಕು. ಹೀಗೇ ಬಿಟ್ರೆ ಹೆರಿಗೆಯಲ್ಲಿ ಹೋಗೋ ರಕ್ತ ತಡೆಯೋ ಶಕ್ತಿ ಇವಳಿಗಿಲ್ಲ. ಹುಳದ ಮಾತ್ರೆ ತಗೊಂಡ ಮೇಲೆ ಸ್ವಲ್ಪ ದಿನ ಮೈ ಜೋರಾಗಿ ಕೂಗಬಹುದು, ಹೆದರಬೇಡಿ."

ಹೊರಗೆ ಬಂದ ಮೇಲೆ ಅತ್ತಿಗೆ ನೇರಳೆ ಮರದ ಕಟ್ಟೆಯ ಮೇಲೆ ಕೂತುಬಿಟ್ಟಳು. ಮಾತ್ರೆಯ ಪೊಟ್ಟಣ ಕೈಯಲ್ಲೇ ಇತ್ತು.

"ಕೂಗುತ್ತಂತೆ" ಅಂದಳು. "ವಾರೀ, ಈ ಮನೆಗೆ ನಾನು ತಂದಿದ್ದು ಅದೊಂದೇ ಕಣೇ. ತಂಪು. ಅದನ್ನೂ ತೆಗೆದುಬಿಟ್ರೆ ನಾನ್ಯಾರು?"

ನಾನು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತೆ. ಇನ್ನು ಈ ತಂಪು ನನಗೂ ಇರುವುದಿಲ್ಲ ಅನ್ನುವುದು ಆಗಲೇ ಹೊಳೆದದ್ದು.

ಮನೆಯಲ್ಲಿ ಅವ್ವ ಪೊಟ್ಟಣವನ್ನು ಕಸಿದು ಗೂಡಿನಲ್ಲಿಟ್ಟಳು. "ಐದನೇ ತಿಂಗಳ ಮಡಿಲು ತುಂಬೋದು ಮುಗೀಲಿ. ಊರಿನ ಹೆಂಗಸರೆಲ್ಲ ಅವಳ ತಂಪು ಕೇಳೋಕೆ ಬರ್ತಾರೆ. ಅವತ್ತು ಮೈ ಗೌಜಿ ಎಬ್ಬಿಸಿದ್ರೆ ನಾನು ಮುಖ ಎಲ್ಲಿಡ್ಲಿ? ಮಗು ಬೇರೆ ಬೆಚ್ಚಿಬೀಳುತ್ತೆ." ಅಣ್ಣ ಅವ್ವನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, ತೋಟಕ್ಕೆ ಹೊರಟುಹೋದ. ಅತ್ತಿಗೆ ಅಡುಗೆಮನೆಗೆ ಹೋಗುವಾಗ ದಾರಿಯಲ್ಲೇ ಒಮ್ಮೆ ಗೋಡೆ ಹಿಡಿದು ನಿಂತಳು.

ಮಡಿಲು ತುಂಬುವ ದಿನ ಅತ್ತಿಗೆಯನ್ನು ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಒಬ್ಬೊಬ್ಬರೇ ಬಂದು ಬೆನ್ನಿಗೆ ಕಿವಿ ಹಚ್ಚಿ, "ಆಹಾ" ಅಂದು, ಅರಿಶಿನ ಕುಂಕುಮ ಇಟ್ಟು ಹೋಗುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿದ್ದೆ. ನಿಂಗಾಜಮ್ಮನೋರು ಎಲ್ಲರಿಗಿಂತ ಹೆಚ್ಚು ಹೊತ್ತು ಕೇಳಿ, "ಮೊದಲಿಗಿಂತ್ಲೂ ತಂಪಾಗಿದಾಳೆ ಕಣವ್ವ! ತಾಯಿ ಹಾಗೇ ಮಗೂನೂ ಹುಟ್ಲಿ" ಅಂದರು.

ಅದನ್ನು ಕೇಳಿ ನನ್ನ ಕಾಲು ತಾನಾಗಿ ನಡೆಯಿತು. "ಹಾಗೆ ಹರಸಬೇಡಿ" ಅಂದೆ.

ಇಡೀ ಪಡಸಾಲೆ ನನ್ನ ಕಡೆ ತಿರುಗಿತು. ಅಲ್ಲಿದ್ದವರ ಮುಡಿಯಲ್ಲೆಲ್ಲ ಜಾಜಿ. ನನ್ನ ಮೂಗು ಶುರು ಮಾಡಿತು, ಗಂಟಲು ಸೇರಿಕೊಂಡಿತು. ಆ ಬೊಬ್ಬೆಯನ್ನು ಮೀರಿಸಿ ನಾನು ಕೂಗಿ ಹೇಳಬೇಕಾಯಿತು: "ಅದು ತಂಪಲ್ಲ, ನಿಂಗಾಜಮ್ಮನೋರೇ. ಒಳಗೆ ಹುಳ ಇದೆ, ರಕ್ತ ಕುಡೀತಿದೆ. ಕಾವಲಿನವರು ಅವಳ ಕರುಳು ಹರಿಯದಿರಲಿ ಅಂತ ಒಬ್ಬರ ಬಾಯಿ ಒಬ್ಬರು ಮುಚ್ಕೊಂಡಿದಾರೆ. ಬೆನ್ನಿಗಲ್ಲ, ಹೊಟ್ಟೆಗೆ ಕಿವಿ ಇಟ್ಟು ಕೇಳಿ. ಡಾಕ್ಟರು ಕೊಟ್ಟ ಮಾತ್ರೆ ಅವ್ವ ಎತ್ತಿಟ್ಟಿದಾಳೆ, ಅದು ನುಂಗದಿದ್ರೆ ಅವಳು ಹೆರಿಗೇಲಿ ಉಳಿಯಲ್ಲ."

"ಹೊಟ್ಟೆಕಿಚ್ಚು" ಅಂದರು ಯಾರೋ. "ತನ್ನ ಮೈ ಗಾಣದ ಹಾಗೆ ಕಿರುಚುತ್ತೆ, ಅದಕ್ಕೆ." ಇನ್ನೊಬ್ಬಳು ಕಿವಿ ಮುಚ್ಚಿಕೊಂಡು, "ಇವಳನ್ನ ಹಿತ್ತಿಲಿಗೆ ಕಳ್ಸಿ ಮೊದ್ಲು, ಏನೂ ಕೇಳಿಸ್ತಿಲ್ಲ" ಅಂದಳು. ಅವ್ವ ನನ್ನ ತೋಳು ಹಿಡಿದಳು.

ಅತ್ತಿಗೆ ಮಡಿಲಲ್ಲಿದ್ದ ಅಕ್ಕಿ, ಕೊಬ್ಬರಿ, ಎಲೆಯನ್ನೆಲ್ಲ ಜೋಪಾನವಾಗಿ ತಟ್ಟೆಗೆ ಸುರಿದು, ಮಣೆಯಿಂದ ಎದ್ದಳು. ನೇರ ನಿಂಗಾಜಮ್ಮನೋರ ಮುಂದೆ ನಿಂತು, "ಕೇಳಿ ಅಮ್ಮಾ. ನೀವೇ ನನ್ನ ಒಪ್ಪಿದೋರು, ನೀವೇ ಕೇಳಿ" ಅಂದಳು.

ಮುದುಕಿ ಮೊಣಕಾಲೂರಿ ಹೊಟ್ಟೆಗೆ ಕಿವಿ ಹಚ್ಚಿದರು. ನಾನು ಜಾಜಿಯಿಂದ ದೂರ ಹಿತ್ತಿಲ ಬಾಗಿಲಿಗೆ ಹೋಗಿ ನಿಂತೆ, ಅವರಿಗೆ ಕೇಳಲಿ ಅಂತ. ಅವರ ಮುಖದ ಸುಕ್ಕು ಒಂದೊಂದೇ ಅಲುಗಾಡಿತು. "ಶಿವನೇ" ಅಂದರು. "ಹೀರ್ತಾ ಇದಾವೆ." ಎದ್ದು ಅವ್ವನಿಗೆ, "ಮಾತ್ರೆ ಎಲ್ಲಿಟ್ಟಿದೀಯೇ? ತತ್ತಾ" ಅಂದರು. ಅವ್ವ ಗೂಡಿನಿಂದ ಪೊಟ್ಟಣ ತಂದು ಕೊಟ್ಟಳು. ಅತ್ತಿಗೆ ಎಲ್ಲರೆದುರಿಗೇ ಬಾಯಿಗೆ ಹಾಕಿಕೊಂಡು, ನೆಂಟರಿಗಿಟ್ಟಿದ್ದ ಪಾನಕ ಕುಡಿದಳು.

ಮಾರನೇ ದಿನ ಬೆಳಿಗ್ಗೆ ಶುರುವಾಯಿತು. ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದವರು ಒಮ್ಮೆಲೇ ಎದ್ದರೆ ಹೇಗಿರಬೇಕೋ ಹಾಗೆ. ಗುಡುಗು, ಶಿಳ್ಳೆ, ತಗಡು ಬಡಿದ ಸದ್ದು. ಮೈಯೆಲ್ಲ ದದ್ದು, ತುರಿಕೆ. ಜ್ವರದ ಮಕ್ಕಳನ್ನು ಹೊತ್ತು ಬಂದವರು ಬೀದಿಯ ತಿರುವಿನಲ್ಲೇ ವಾಪಸಾದರು. ಹಾಲಿನವಳು ಗೇಟಿನಾಚೆಯೇ ನಿಂತು, "ಮನೇಲಿ ಬ್ಯಾಂಡಿನವರು ಬಂದಿದಾರಾ?" ಅಂದಳು. ಅತ್ತಿಗೆ ತುರಿಸಿಕೊಳ್ಳುತ್ತಾ, "ಹೌದು ಕಣೇ, ನನ್ನ ಮದುವೇಲಿ ಬರಲಿಲ್ಲ, ಈಗ ಬಂದಿದಾರೆ" ಅಂತ ಒಳಗಿನಿಂದಲೇ ಕೂಗಿದಳು.

ನಾನು ಅವಳ ಪಕ್ಕದಲ್ಲೇ ಇದ್ದೆ. ಆ ಗದ್ದಲದಲ್ಲೂ ಕಿವಿ ಕೊಟ್ಟರೆ ಹಳೆಯ ಸಮಾಧಾನದವರ ದನಿ ಇತ್ತು. 'ನಿಧಾನ... ಅವಳಿಗೆ ನೋವಾಗಬಾರದು... ಮಗು ಇದೆ, ಆ ಕಡೆ ಹೋಗಬೇಡಿ...' ಅವರನ್ನು ನಾನು ಮನಸ್ಸಿನಲ್ಲೇ ಹೇಡಿಗಳು ಅಂದುಕೊಂಡಿದ್ದೆ. ಅವಳು ಮಗುವಾಗಿದ್ದಾಗಿನಿಂದ, ಗೆಲ್ಲಲಾಗದ ಜಗಳದಲ್ಲಿ ಅವಳನ್ನು ಒಡೆಯದೆ ನನ್ನ ತನಕ ತಲುಪಿಸಿದವರು ಅವರೇ. ಅವರಿಲ್ಲದಿದ್ದರೆ ನನಗೆ ಅತ್ತಿಗೆ ಎಲ್ಲಿದ್ದಳು? ಯಾರೂ ನೋಡದ ಹಾಗೆ ಅವಳ ಹೊಟ್ಟೆಗೆ ಕೈ ಮುಗಿದೆ. ಅವಳು ನೋಡಿಬಿಟ್ಟಳು. "ಯಾರಿಗೇ ಅದು, ನನಗಾ, ಪಾಪುಗಾ?" ಅಂದಳು. "ಎಲ್ಲರಿಗೂ" ಅಂದೆ.

ಗದ್ದಲ ಕೆಲವು ದಿನಕ್ಕೆ ಇಳಿದು, ಎಲ್ಲರ ಮನೆಯಲ್ಲಿರುವಷ್ಟೇ ಆಯಿತು. ಕಬ್ಬಿಣದ ಮಾತ್ರೆ, ನುಗ್ಗೆಸೊಪ್ಪು, ಹುರುಳಿಕಾಳಿನ ಬಸ್ಸಾರು ತಿಂದು ಉಗುರಿಗೆ ಬಣ್ಣ ಬಂತು. ಚುಚ್ಚುಮದ್ದನ್ನು ಇನ್ನೊಮ್ಮೆ ಹಾಕಿದಾಗ ಅವಳ ತೋಳು ರೇಷನ್ ಅಂಗಡಿಯನ್ನೂ ಮೀರಿಸಿತು. ನಿಂಗಾಜಮ್ಮನೋರು ಈಗ ಹೆಣ್ಣು ಕೇಳಲು ಹೋದರೆ ಬೆನ್ನು, ಹೊಟ್ಟೆ ಎರಡಕ್ಕೂ ಕಿವಿ ಇಡುತ್ತಾರೆ. ಬಹಳ ತಂಪಿದ್ದರೆ, "ಮೊದ್ಲು ಫರೀದಮ್ಮನ ಹತ್ರ ಹೋಗಿಬನ್ನಿ" ಅನ್ನುತ್ತಾರೆ. ಎಲೆತೋಟದವರೆಲ್ಲ ಮಾತ್ರೆ ನುಂಗಿದರು. ತೋಟದ ಮೂಲೆಗೆ ಚೊಂಬು ಹಿಡಿದು ಹೋಗುವುದು ನಿಂತಿತು. ಅಣ್ಣ ಒಂದು ಉಪಾಯ ಮಾಡಿದ: ರಸ್ತೆಯನ್ನೇ ಕಾಣದ ಹೊಸ ಚಪ್ಪಲಿ, ತೋಟದ ಬಾಗಿಲಲ್ಲೇ ಇರುವಂಥದ್ದು, ತೊಳೆದು ಅರಿಶಿನ ಹಚ್ಚಿ ಮೆಟ್ಟುವಂಥದ್ದು. ಬಳ್ಳಿ ಒಣಗಲಿಲ್ಲ. ಹಾಲಿನವಳು ಒಮ್ಮೆ ಡಾಕ್ಟರಿಗೆ, "ಹಂಗಾದ್ರೆ ನಮ್ಮ ವಾರಿಜಮ್ಮನಿಗೂ ನಾಲ್ಕು ಹುಳ ಬಿಟ್ರೆ ಸುಮ್ಮನಾಗ್ತಾಳಲ್ವಾ?" ಅಂತ ಕೇಳಿದ್ದಳು. ಡಾಕ್ಟರು ನಕ್ಕು, "ಹುಳ ಬೇಡಮ್ಮ. ಆ ಸಮಾಧಾನದವರನ್ನ ಹುಳ ಇಲ್ಲದೇ ಕರೆಯೋದು ಹೇಗೆ ಅಂತ ದೊಡ್ಡ ದೊಡ್ಡೋರು ಹುಡುಕ್ತಿದಾರೆ. ಸಿಕ್ಕರೆ ಮೊದಲು ಇವಳಿಗೇ ಕೊಡ್ತೀನಿ" ಅಂದಿದ್ದರು.

ಹೆರಿಗೆ ಒಂದು ಭಾನುವಾರ ಬೆಳಿಗ್ಗೆ ಆಯಿತು. ಹೆಣ್ಣುಮಗು. ದಾದಿ ಮಗುವನ್ನು ತಂದು ಅವ್ವನ ಕೈಗಿಟ್ಟು ಓಡುತ್ತಲೇ ಒಳಗೆ ಹೋದಳು. ರಕ್ತ ನಿಲ್ಲುತ್ತಿಲ್ಲ ಅಂತ ಅರ್ಥವಾಯಿತು. ಬಾಗಿಲಾಚೆ ಪಾತ್ರೆ ಸದ್ದು, ಡಾಕ್ಟರ ದನಿ. ಅತ್ತಿಗೆಯ ಮೈಯಿಂದ ಮಾತ್ರ ಏನೂ ಇಲ್ಲ. ಅವ್ವ ಮಗುವನ್ನು ನನ್ನ ಕೈಗೆ ಕೊಟ್ಟು ಬಾಗಿಲಿಗೆ ಕಿವಿ ಹಚ್ಚಿದಳು. ಈ ಊರಿನಲ್ಲೇ ಅತ್ಯಂತ ಮೌನದ ಸೊಸೆಯನ್ನು ಹುಡುಕಿ ತಂದವಳು ನನ್ನವ್ವ. "ಏನೂ ಕೇಳ್ತಿಲ್ಲ ಕಣೇ" ಅಂದಳು. ಬಾಗಿಲನ್ನು ಅಂಗೈಯಿಂದ ತಟ್ಟುತ್ತಾ, "ಕೂಗ್ರಪ್ಪಾ... ಏಳ್ರಪ್ಪಾ... ಇಷ್ಟು ವರ್ಷ ಸುಮ್ಮನಿದ್ದದ್ದು ಸಾಕು, ಕೂಗಿ..." ಅನ್ನತೊಡಗಿದಳು.

ಮೊದಲು ಒಬ್ಬರು ಓಡಿಬಂದ ಸದ್ದು. ಹಿಂದೆಯೇ ನಾಲ್ಕು ಜನ. ಆಮೇಲೆ ಎಣಿಸಲಾಗದಷ್ಟು ಜನ ದಡದಡ ಇಳಿದು ಬಂದರು. ಕಟ್ಟು, ಹಿಡಿ, ಒತ್ತು, ಇತ್ತ ತಾ ಅಂತ ಕೂಗಾಟ. ಕಿಟಕಿಯ ಗಾಜು ಅದುರಿತು. ಕೈಯೊಳಗಿನ ಮಗು ಬೆಚ್ಚಲಿಲ್ಲ, ಹೊಟ್ಟೆಯಲ್ಲಿ ಕೇಳಿ ಅಭ್ಯಾಸವಾಗಿತ್ತೋ ಏನೋ, ಆಕಳಿಸಿತು. ಡಾಕ್ಟರ್ ಫರೀದಾ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು, "ನಿಂತಿತು. ಮೊದಲಿದ್ದ ಅರ್ಧ ರಕ್ತದಲ್ಲೇ ಹೆರಿಗೆಗೆ ಬಂದಿದ್ರೆ ನನ್ನ ಕೈಲಿ ಏನೂ ಆಗ್ತಿರಲಿಲ್ಲ" ಅಂದರು.

ಪಕ್ಕದ ವಾರ್ಡಿನಿಂದ ಒಬ್ಬ ದಪ್ಪ ಹೆಂಗಸು ಕಿವಿಗೆ ಬೆರಳಿಟ್ಟುಕೊಂಡು ಹೊರಗೆ ಬಂದು, "ಯಾರದ್ರೀ ಇದು, ಇಷ್ಟೊಂದು ಗಲಾಟೆ?" ಅಂತ ಸಿಡುಕಿದಳು.

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತಳು. "ನಮ್ಮ ಸೊಸೇದು" ಅಂದಳು. "ಇನ್ನೂ ಜೋರಾಗುತ್ತೆ. ಬನ್ನಿ, ಕೂತ್ಕೊಂಡು ಕೇಳಿ."